ತಾಯಿ ಆರೋಪಿ, ಮಗ ವಕೀಲ: ಕೋರ್ಟ್ ನಾಟಕ ನಮ್ಮನ್ನು ಹಿಡಿದಿಡುವುದು ಹೇಗೆ?

ಕರ್ನಾಟಕ ಹೈಕೋರ್ಟಿನ ಕಲಾಪ ಈಗ ಯೂಟ್ಯೂಬಿನಲ್ಲಿ ನೇರವಾಗಿ ನೋಡಲು ಸಿಗುತ್ತದೆ. 2021ರಲ್ಲಿ ಪ್ರಯೋಗವಾಗಿ ಶುರುವಾದ ಈ ವ್ಯವಸ್ಥೆಗೆ 2022ರ ಜನವರಿಯಿಂದ ನಿಯಮಗಳೂ ಬಂದವು. 2024ರ ಸೆಪ್ಟೆಂಬರಿನಲ್ಲಿ ಕಲಾಪದ ತುಣುಕುಗಳು ದೇಶವಿಡೀ ಹರಿದಾಡಿದಾಗ, ಅವನ್ನು ಹಾಗೆ ಹಂಚದಂತೆ ಹೈಕೋರ್ಟೇ ಮಧ್ಯಂತರ ಆದೇಶ ಕೊಟ್ಟಿತು. ಇತ್ತ ಮಂಗಳೂರಿನಲ್ಲಿ ಹೈಕೋರ್ಟ್ ಪೀಠ ಬೇಕು ಎಂಬ ಬೇಡಿಕೆಯೂ ಇದೆ. ಹಾಗಾಗಿ ಕೋರ್ಟು ಈಗ ನಮ್ಮ ಕಡೆ ಹೋಟೆಲಿನ ಮೇಜಿನ ಮೇಲೂ ಮಾತಾಗುವ ವಿಷಯ.

ಮೊದಲ ಸಲ ನಿಜವಾದ ಕಲಾಪ ನೋಡಿದವರು ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಸಿನಿಮಾದಲ್ಲಿ ಇರುವ ಹಾಗೆ ಇಲ್ಲಿ ಯಾಕಿಲ್ಲ? ಸುತ್ತಿಗೆ ಇಲ್ಲ, ಗೀತೆ ಮುಟ್ಟಿ ಆಣೆ ಇಡುವುದಿಲ್ಲ, ಕಟಕಟೆ ಹಿಡಿದು ಅಳುವವರಿಲ್ಲ. ಕಡತ ತಿರುವುವುದು, ದಿನಾಂಕ ಕೇಳುವುದು, ಮುಂದಿನ ಕೇಸು ಕರೆಯುವುದು, ಇಷ್ಟೇ ಜಾಸ್ತಿ.

ನಮ್ಮ ತಲೆಯಲ್ಲಿರುವ ಕೋರ್ಟು ಬಹುಮಟ್ಟಿಗೆ ರಂಗಭೂಮಿಯಲ್ಲಿ ಹುಟ್ಟಿದ್ದು. ಅಲ್ಲಿಂದ ಅದು ಸಿನಿಮಾಕ್ಕೆ ಬಂತು. ಈ ದಾರಿಯನ್ನು ಅರ್ಥ ಮಾಡಿಕೊಳ್ಳಲು ಒಂದೇ ನಾಟಕ ಸಾಕು. ಅದು ನೂರು ವರ್ಷಕ್ಕೂ ಹಳೆಯ ಫ್ರೆಂಚ್ ನಾಟಕ. ಹೆಸರು ‘ಲ ಫಾಮ್ ಎಕ್ಸ್’. ಜಗತ್ತಿಗೆಲ್ಲ ಅದು ಗೊತ್ತಿರುವುದು ‘ಮೇಡಂ ಎಕ್ಸ್’ ಎಂದು.

ಕಥೆ ಇಷ್ಟು

ಬರೆದವನು ಅಲೆಕ್ಸಾಂಡ್ರ್ ಬಿಸ್ಸೋಂ. ಮೊದಲ ಪ್ರದರ್ಶನ 1908ರ ಡಿಸೆಂಬರಿನಲ್ಲಿ, ಪ್ಯಾರಿಸಿನ ಪೋರ್ತ್ ಸೇಂ ಮಾರ್ತಾಂ ರಂಗಮಂದಿರದಲ್ಲಿ.

ಜಾಕ್ಲಿನ್ ಎಂಬಾಕೆ ಗಂಡ ಲೂಯಿ ಫ್ಲೋರಿಯೋನನ್ನು ಬಿಟ್ಟು ಬೇರೊಬ್ಬನ ಜೊತೆ ಹೋಗುತ್ತಾಳೆ. ಗಂಡ ಕಾನೂನಿನವನು, ಬಿಗಿ ಸ್ವಭಾವ. ಪುಟ್ಟ ಮಗನಿಗೆ ಕಾಯಿಲೆ ಎಂದು ತಿಳಿದು ಆಕೆ ವಾಪಸು ಬರುತ್ತಾಳೆ. ಕ್ಷಮಿಸು, ಮಗನನ್ನೊಮ್ಮೆ ನೋಡಲು ಬಿಡು ಎಂದು ಬೇಡುತ್ತಾಳೆ. ಗಂಡ ಬಾಗಿಲು ಹಾಕುತ್ತಾನೆ. ಮುಂದಿನ ಇಪ್ಪತ್ತು ವರ್ಷ ಆಕೆ ಊರೂರು ಅಲೆದು, ನಶೆಗೆ ಬಿದ್ದು ಹಾಳಾಗುತ್ತಾಳೆ.

ಕೊನೆಗೆ ಲಾರೋಕ್ ಎಂಬ ಪುಂಡನ ಜೊತೆ ಫ್ರಾನ್ಸಿಗೆ ಮರಳುತ್ತಾಳೆ. ಆಕೆಯ ಹಿಂದಿನ ಸಂಸಾರದ ಸುದ್ದಿ ಅವನಿಗೆ ತಿಳಿಯುತ್ತದೆ. ಗಂಡನನ್ನು ಹೆದರಿಸಿ ಹಣ ಕೀಳುವ ಲೆಕ್ಕ ಅವನದು. ಹಾಗಾದರೆ ತಾಯಿಯ ಗತಿ ಏನಾಯಿತೆಂದು ಮಗನಿಗೂ ಗೊತ್ತಾಗುತ್ತದೆ. ಅದನ್ನು ತಡೆಯಲು ಆಕೆ ಲಾರೋಕನನ್ನು ಕೊಲ್ಲುತ್ತಾಳೆ.

ಸಿಕ್ಕಿಬಿದ್ದ ಮೇಲೆ ತನ್ನ ಹೆಸರನ್ನೇ ಹೇಳುವುದಿಲ್ಲ. ಆರೋಪಿಗೆ ಹೆಸರಿಲ್ಲ, ಹಾಗಾಗಿ ‘ಎಕ್ಸ್’. ವಕೀಲರನ್ನೂ ಆಕೆ ಇಟ್ಟುಕೊಂಡಿಲ್ಲ. ಆಕೆಯ ಪರವಾಗಿ ವಾದಿಸಲು ಹೊಸದಾಗಿ ವಕೀಲಿಕೆ ಶುರು ಮಾಡಿದ ಹುಡುಗನೊಬ್ಬ ನೇಮಕವಾಗುತ್ತಾನೆ. ಅವನಿಗೆ ಅದು ಮೊದಲ ಕೇಸು. ಅವನೇ ಆಕೆಯ ಮಗ ರೇಮೊಂ. ತಾಯಿ ಸತ್ತಿದ್ದಾಳೆ ಎಂದು ನಂಬಿ ಬೆಳೆದವನು. ಮಗನ ಮೊದಲ ವಾದ ಕೇಳಲು ತಂದೆಯೂ ಅದೇ ಕೋರ್ಟಿಗೆ ಬರುತ್ತಾನೆ.

ಕಟಕಟೆಯಲ್ಲಿ ನಿಂತ ತಾಯಿಗೆ ಮಗನ ಗುರುತು ಸಿಗುತ್ತದೆ. ಮಗನಿಗೆ ಸಿಗುವುದಿಲ್ಲ. ಇಡೀ ನಾಟಕ ಕಟ್ಟಿರುವುದು ಈ ಒಂದು ಗಳಿಗೆಗಾಗಿ. ಕೊನೆಗೆ, ಈಕೆಯೇ ತಾಯಿ ಎಂದು ಮಗನಿಗೂ ತಿಳಿದ ಮೇಲೆ, ಆಕೆ ಅವನ ತೋಳಿನಲ್ಲೇ ಪ್ರಾಣ ಬಿಡುತ್ತಾಳೆ.

ಮೆಲೋಡ್ರಾಮಾ ಎಂದರೆ

ಯಾರಾದರೂ ಜಾಸ್ತಿ ಅತ್ತರೆ ‘ಮೆಲೋಡ್ರಾಮಾ ಮಾಡಬೇಡ’ ಎನ್ನುತ್ತೇವೆ. ಆದರೆ ರಂಗಭೂಮಿಯಲ್ಲಿ ಅದು ಬೈಗುಳವಲ್ಲ. ನಾಟಕ ಕಟ್ಟುವ ಒಂದು ಬಗೆ ಅದು. ಅದರಲ್ಲಿ ಭಾವನೆಯನ್ನು ಒಳಗೆ ಅದುಮಿಡುವುದಿಲ್ಲ, ಪೂರ್ತಿ ಹೊರಗೆ ತರುತ್ತಾರೆ. ಒಳ್ಳೆಯವರು ಯಾರು, ಕೇಡಿಗರು ಯಾರು ಎಂಬುದು ಸ್ಪಷ್ಟ. ಮುಚ್ಚಿಟ್ಟ ಸಂಬಂಧವೊಂದು ಇರುತ್ತದೆ. ಆಕಸ್ಮಿಕಗಳು ಒಂದರ ಮೇಲೊಂದು ಬಂದು ಆ ಗುಟ್ಟನ್ನು ಅಂಚಿಗೆ ತಳ್ಳುತ್ತವೆ. ಕೊನೆಯ ಗಳಿಗೆಯಲ್ಲಿ, ಕೆಲವೊಮ್ಮೆ ಅದಕ್ಕೂ ತುಸು ತಡವಾಗಿ, ಗುರುತು ಸಿಗುತ್ತದೆ.

ಇದರಲ್ಲಿ ಮುಖ್ಯವಾದ ತಂತ್ರ ಒಂದುಂಟು. ಪ್ರೇಕ್ಷಕರಿಗೆ ಎಲ್ಲ ಗೊತ್ತಿರಬೇಕು, ಪಾತ್ರಕ್ಕೆ ಗೊತ್ತಿರಬಾರದು.

ಕರಾವಳಿಯವರಿಗೆ ಇದು ಹೊಸದೇನಲ್ಲ. ತಾಳಮದ್ದಳೆಯಲ್ಲಿ ‘ಕರ್ಣಭೇದನ’ ಕೇಳಿದ್ದೀರಲ್ವಾ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರು ಬದುರು ಕೂತು ಮಾತಿನಲ್ಲೇ ಹೋರಾಡುತ್ತಾರೆ. ಕರ್ಣ ಯಾರ ಮಗ ಎಂದು ಕೇಳುಗರಿಗೆಲ್ಲ ಮೊದಲೇ ಗೊತ್ತು. ಆದರೂ ಜನ ಗಂಟೆಗಟ್ಟಲೆ ಕೂರುತ್ತಾರೆ. ಗುಟ್ಟು ತಿಳಿಯಬೇಕೆಂಬ ಆಸೆಯಿಂದ ಯಾರೂ ಅಲ್ಲಿ ಕೂರುವುದಿಲ್ಲ. ಗುಟ್ಟು ತಿಳಿದ ಗಳಿಗೆಯಲ್ಲಿ ಆ ಮನುಷ್ಯ ಏನು ಮಾತಾಡುತ್ತಾನೆ ಎಂದು ಕೇಳಲು ಕೂರುತ್ತಾರೆ. ಬಿಸ್ಸೋಂ ಇದನ್ನು ತಿರುಗಿಸಿ ಇಟ್ಟಿದ್ದಾನೆ, ಅಷ್ಟೇ. ಕುಂತಿ ಬಾಯಿಬಿಟ್ಟು ಹೇಳುತ್ತಾಳೆ, ಜಾಕ್ಲಿನ್ ಬಾಯಿ ಕಟ್ಟಿಕೊಳ್ಳುತ್ತಾಳೆ. ಮಗ ತಾನು ಏನು ಹೇಳುತ್ತಿದ್ದೇನೆಂದು ತಿಳಿಯದೆಯೇ ತಾಯಿಯ ಪರವಾಗಿ ವಾದಿಸುತ್ತಾನೆ. ಆಕೆಗೆ ಬಾಗಿಲು ಹಾಕಿದ ಗಂಡನನ್ನೂ, ಅವನು ತನ್ನ ತಂದೆಯೇ ಎಂದು ತಿಳಿಯದೆ, ಬೈಯುತ್ತಾನೆ.

ಪತ್ತೇದಾರಿ ಕೋರ್ಟ್ ನಾಟಕ ಇದಕ್ಕೆ ಪೂರ್ತಿ ವಿರುದ್ಧ. ಅಗಾಥಾ ಕ್ರಿಸ್ಟಿಯ ‘ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್’ 1953ರಲ್ಲಿ ಲಂಡನ್ ರಂಗಕ್ಕೆ ಬಂತು. 1957ರಲ್ಲಿ ಬಿಲ್ಲಿ ವೈಲ್ಡರ್ ಅದನ್ನು ಸಿನಿಮಾ ಮಾಡಿದ. ಅಲ್ಲಿ ಪ್ರೇಕ್ಷಕರಿಗೇ ಗುಟ್ಟು ಗೊತ್ತಿಲ್ಲ. ಕೊನೆ ಹೇಳಿಬಿಟ್ಟರೆ ಅರ್ಧ ರುಚಿ ಹೋಯಿತು. ‘ಮೇಡಂ ಎಕ್ಸ್’ನ ಕೊನೆಯನ್ನು ನಾನು ಮೇಲೆಯೇ ಹೇಳಿದ್ದೇನೆ. ಅದರಿಂದ ನಾಟಕಕ್ಕೆ ಏನೂ ನಷ್ಟವಿಲ್ಲ.

ಬಿಸ್ಸೋಂ ಹೆಸರು ಮಾಡಿದ್ದು ನಗೆನಾಟಕಗಳಿಂದ ಎಂಬುದನ್ನೂ ಇಲ್ಲಿ ನೆನೆಯಬೇಕು. ನಗೆನಾಟಕದಲ್ಲಿ ತಪ್ಪು ಮನುಷ್ಯ ತಪ್ಪು ಹೊತ್ತಿಗೆ ಒಳಗೆ ಬರಬೇಕು. ಇಲ್ಲಿ ಸರಿಯಾದ ಮನುಷ್ಯರೇ ಬರುತ್ತಾರೆ, ಇಪ್ಪತ್ತು ವರ್ಷ ತಡವಾಗಿ. ಆಕಸ್ಮಿಕವನ್ನು ಅಳತೆಯಾಗಿ ಕೂರಿಸುವ ಅದೇ ಕೈಚಳಕ ಇಲ್ಲಿ ಕಣ್ಣೀರಿಗೆ ಬಳಕೆಯಾಗಿದೆ.

ಕೋರ್ಟೇ ಯಾಕೆ?

ನಾಟಕದವರಿಗೆ ಕೋರ್ಟು ಪ್ರಿಯವಾಗಲು ಮೊದಲ ಕಾರಣ ತೀರಾ ಸರಳ. ಒಂದೇ ರಂಗಸಜ್ಜಿಕೆ ಸಾಕು. ಎತ್ತರದಲ್ಲಿ ನ್ಯಾಯಾಧೀಶ, ಒಂದು ಬದಿ ಕಟಕಟೆ, ನಡುವೆ ವಕೀಲರು. ಕಥೆ ಎಲ್ಲೆಲ್ಲೋ ನಡೆದಿರಬಹುದು. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಅದನ್ನು ಇಲ್ಲಿ ಹೇಳುತ್ತಾರೆ. ಮಂಗಳೂರಿನ ಪುರಭವನದಲ್ಲಿ ಆಡುವ ಹವ್ಯಾಸಿ ತಂಡಕ್ಕೂ ಇದು ಕೈಗೆಟುಕುತ್ತದೆ.

ಎರಡನೆಯದು ನಿಯಮ. ಯಾರು ಯಾವಾಗ ಮಾತಾಡಬೇಕು, ಯಾವ ಪ್ರಶ್ನೆ ಕೇಳಬಾರದು ಎಂದು ಕೋರ್ಟಿನಲ್ಲಿ ಕಟ್ಟುಪಾಡು ಇರುತ್ತದೆ. ಮನೆಯಲ್ಲಾದರೆ ತಾಯಿ ಓಡಿ ಬಂದು ಮಗನನ್ನು ತಬ್ಬಿಕೊಳ್ಳಬಹುದು. ಇಲ್ಲಿ ನಡುವೆ ಕಟಕಟೆ ಇದೆ, ಪೊಲೀಸರಿದ್ದಾರೆ, ಕಲಾಪ ನಡೆಯುತ್ತಿದೆ. ಅಳುವಿಗೆ ಅಡ್ಡಗಟ್ಟಿದಷ್ಟೂ ಅದರ ಒತ್ತಡ ಏರುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ದೇಶದ ಕಾನೂನು ಹೇಗಿದೆಯೋ ನಾಟಕವೂ ಹಾಗೆಯೇ ಇರುತ್ತದೆ. ಫ್ರಾನ್ಸಿನಲ್ಲಿ ಆರೋಪಿಯನ್ನು ಮುಖ್ಯವಾಗಿ ಪ್ರಶ್ನಿಸುವವರು ನ್ಯಾಯಾಧೀಶರು. ಆರೋಪಿಯ ವಕೀಲನಿಗೆ ದೊಡ್ಡ ಅವಕಾಶ ಸಿಗುವುದು ಕೊನೆಯಲ್ಲಿ, ಜ್ಯೂರಿಯ ಮುಂದೆ ಮಾಡುವ ಉದ್ದದ ವಾದದಲ್ಲಿ. ಹಾಗಾಗಿ ಬಿಸ್ಸೋಂನ ನಾಟಕದ ಶಿಖರವೂ ಒಂದು ಭಾಷಣವೇ. ಇಂಗ್ಲೆಂಡ್, ಅಮೆರಿಕ, ಭಾರತದ ಪದ್ಧತಿ ಬೇರೆ. ಇಲ್ಲಿ ಎರಡು ಕಡೆಯ ವಕೀಲರು ಎದುರಾಳಿಗಳು. ಸಾಕ್ಷಿಯನ್ನು ಕರೆತಂದ ಕಡೆಯವರು ಮೊದಲು ಪ್ರಶ್ನೆ ಕೇಳುತ್ತಾರೆ. ಆಮೇಲೆ ಎದುರು ಕಡೆಯವರು ಕೇಳುತ್ತಾರೆ. ಅದೇ ಪಾಟಿ ಸವಾಲು. ಸಾಕ್ಷಿಯ ಮಾತಿನಲ್ಲಿ ಬಿರುಕು ಹುಡುಕುವ ಕೆಲಸ ಅದು. ಆದ್ದರಿಂದಲೇ ಈ ದೇಶಗಳ ಕೋರ್ಟ್ ನಾಟಕ, ಸಿನಿಮಾಗಳಲ್ಲಿ ಭಾಷಣಕ್ಕಿಂತ ಪಾಟಿ ಸವಾಲೇ ಹೆಚ್ಚು ಮಿಂಚುತ್ತದೆ.

ವಿಜಯ್ ತೆಂಡೂಲ್ಕರ್ ಅವರ ಮರಾಠಿ ನಾಟಕ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ಈ ಪಾಟಿ ಸವಾಲಿನ ಕ್ರೌರ್ಯವನ್ನೇ ವಸ್ತು ಮಾಡಿಕೊಂಡಿದೆ. 1967ರಲ್ಲಿ ರಂಗಕ್ಕೆ ಬಂದ ಇದನ್ನು 1971ರಲ್ಲಿ ಸತ್ಯದೇವ್ ದುಬೆ ಸಿನಿಮಾ ಮಾಡಿದರು. ನಾಟಕ ತಂಡವೊಂದು ಹೊತ್ತು ಕಳೆಯಲು ಸುಮ್ನೆ ಅಣಕು ವಿಚಾರಣೆ ಶುರು ಮಾಡುತ್ತದೆ. ಆಟದ ಪ್ರಶ್ನೆಗಳು ಬೇಣಾರೆ ಎಂಬ ಶಿಕ್ಷಕಿಯ ನಿಜ ಬದುಕಿಗೇ ಕೈ ಹಾಕುತ್ತವೆ. ಬಿಸ್ಸೋಂನ ಕೋರ್ಟು ಹೆಂಗಸಿಗಾಗಿ ಅಳುತ್ತದೆ, ತೆಂಡೂಲ್ಕರರ ಕೋರ್ಟು ಆಕೆಯನ್ನು ಹರಿದು ತಿನ್ನುತ್ತದೆ.

ಜ್ಯೂರಿ ಎಂಬ ಪಾತ್ರ

ಹಳೆಯ ಕೋರ್ಟ್ ನಾಟಕಗಳಲ್ಲಿ ಮತ್ತೆ ಮತ್ತೆ ಬರುವ ಜ್ಯೂರಿ ಎಂದರೆ ಸಾಮಾನ್ಯ ನಾಗರಿಕರ ಒಂದು ಗುಂಪು. ಅವರಿಗೆ ಕಾನೂನು ಓದಿರಬೇಕೆಂದೇನೂ ಇಲ್ಲ. ಕೇಸು ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಅವರೇ ಹೇಳುತ್ತಾರೆ. ವಕೀಲ ಜ್ಯೂರಿಯ ಕಡೆ ತಿರುಗಿ ಮಾತಾಡಿದಾಗ, ರಂಗದ ಮೇಲೆ ಅದು ಪ್ರೇಕ್ಷಕರ ಕಡೆ ತಿರುಗಿದ ಹಾಗೆಯೇ. ಹೀಗೆ ಟಿಕೆಟು ಕೊಟ್ಟು ಕೂತವರೂ ತೀರ್ಪಿನಲ್ಲಿ ಪಾಲುದಾರರಾಗುತ್ತಾರೆ.

ಅಯ್ನ್ ರ‍್ಯಾಂಡ್ ಎಂಬ ಅಮೆರಿಕದ ಲೇಖಕಿ ಇದನ್ನು ನೇರವಾಗಿಯೇ ಮಾಡಿದಳು. 1935ರಲ್ಲಿ ಬ್ರಾಡ್‌ವೇಗೆ ಬಂದ ‘ನೈಟ್ ಆಫ್ ಜನವರಿ ಸಿಕ್ಸ್ಟೀಂತ್’ ನಾಟಕದಲ್ಲಿ ಪ್ರೇಕ್ಷಕರಿಂದಲೇ ಜ್ಯೂರಿಯನ್ನು ಆರಿಸಿ ವೇದಿಕೆಗೆ ಕರೆಯುತ್ತಿದ್ದರು. ಅವರ ತೀರ್ಪಿಗೆ ತಕ್ಕಂತೆ ಎರಡು ಬೇರೆ ಬೇರೆ ಕೊನೆಗಳಿದ್ದವು. ಸಿನಿಮಾದಲ್ಲಿ ಇದು ಆಗುವ ಕೆಲಸವಲ್ಲ. ಆದರೂ 1941ರಲ್ಲಿ ಹಾಲಿವುಡ್ಡಿನಲ್ಲಿ, 1989ರಲ್ಲಿ ಹಿಂದಿಯಲ್ಲಿ ‘ಗವಾಹಿ’ ಎಂದು ಅದು ಸಿನಿಮಾ ಆಯಿತು.

ಭಾರತದಲ್ಲೂ ಒಂದು ಕಾಲದಲ್ಲಿ ಜ್ಯೂರಿ ಇತ್ತು. 1959ರ ನಾನಾವತಿ ಕೇಸಿನಲ್ಲಿ (ನೌಕಾಪಡೆಯ ಅಧಿಕಾರಿಯೊಬ್ಬ ಹೆಂಡತಿಯ ಗೆಳೆಯನನ್ನು ಗುಂಡಿಟ್ಟು ಕೊಂದ ಕೇಸು ಅದು) ಮುಂಬೈಯ ಜ್ಯೂರಿ 8–1ರಲ್ಲಿ ಆರೋಪಿ ತಪ್ಪಿತಸ್ಥನಲ್ಲ ಎಂದಿತು. ಹೈಕೋರ್ಟ್ ಅದನ್ನು ಒಪ್ಪದೆ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ರಂಗದಿಂದ ಪರದೆಗೆ

ನಾಟಕ ಸಿನಿಮಾ ಆಗುವುದು ನಮ್ಮ ಕಡೆಯವರಿಗೆ ಹೊಸತಲ್ಲ. ತುಳು ನಾಟಕ ‘ಒರಿಯರ್ದೊರಿ ಅಸಲ್’ 2011ರಲ್ಲಿ ಸಿನಿಮಾ ಆಗಿ ಬಂದದ್ದು ಹಲವರಿಗೆ ನೆನಪಿದೆ. ‘ಮೇಡಂ ಎಕ್ಸ್’ನ ವಿಶೇಷವೆಂದರೆ, ಅದೇ ಕಥೆ ಅಮೆರಿಕದಲ್ಲೇ ಮತ್ತೆ ಮತ್ತೆ ಸಿನಿಮಾ ಆಯಿತು. ಆಯಾ ಕಾಲದ ತಂತ್ರಕ್ಕೂ ಮರ್ಯಾದೆಯ ಕಲ್ಪನೆಗೂ ತಕ್ಕಂತೆ ಬದಲಾಗುತ್ತಲೇ ಹೋಯಿತು.

1916ರ ಸಿನಿಮಾದಲ್ಲಿ ನಟಿಸಿದವಳು ಡೊರೋಥಿ ಡೊನೆಲಿ. 1910ರಲ್ಲಿ ನ್ಯೂಯಾರ್ಕಿನ ರಂಗದಲ್ಲೂ ಅದೇ ಪಾತ್ರ ಮಾಡಿದ್ದವಳು. 1920ರಲ್ಲಿ ಪಾಲಿನ್ ಫ್ರೆಡರಿಕ್ ಆ ಪಾತ್ರ ಮಾಡಿದಳು. ಎರಡೂ ಮೂಕಿ ಚಿತ್ರಗಳು. ಯೋಚಿಸಿ ನೋಡಿ: ಶಿಖರವೇ ಒಂದು ಭಾಷಣವಾಗಿರುವ ನಾಟಕ, ಆದರೆ ಮಾತೇ ಕೇಳಿಸುವುದಿಲ್ಲ! ಮಗನ ವಾದ ಪರದೆಯ ಮೇಲೆ ನಾಲ್ಕು ಸಾಲಿನ ಬರಹವಾಗುತ್ತದೆ. ಆಗ ಭಾರವೆಲ್ಲ ಕೇಳುತ್ತಿರುವ ತಾಯಿಯ ಮುಖಕ್ಕೆ ಬೀಳುತ್ತದೆ. ರಂಗದಲ್ಲಿ ಹಿಂದಿನ ಸಾಲಿನವರಿಗೆ ಆಕೆಯ ಕಣ್ಣು ಕಾಣುವುದಿಲ್ಲ. ಕ್ಯಾಮೆರಾ ಹತ್ತಿರ ಹೋಗಬಲ್ಲದು. ಮಾತಾಡುವವನನ್ನು ಬಿಟ್ಟು ಕೇಳುವವಳನ್ನು ತೋರಿಸುವ ಶಕ್ತಿ ಹೀಗೆ ಸಿನಿಮಾಕ್ಕೆ ಸಿಕ್ಕಿತು. ಮಾತು ಬಂದ ಮೇಲೂ ಅದು ಇದನ್ನು ಬಿಟ್ಟುಕೊಡಲಿಲ್ಲ.

ಮಾತು ಬಂದದ್ದು 1929ರ ಚಿತ್ರದಲ್ಲಿ. ನಿರ್ದೇಶಕ ಲಯೊನೆಲ್ ಬ್ಯಾರಿಮೋರ್, ತಾಯಿಯಾಗಿ ರುತ್ ಚಾಟರ್ಟನ್. ಇಬ್ಬರ ಹೆಸರೂ ಆಸ್ಕರ್ ಸ್ಪರ್ಧೆಗೆ ಹೋಯಿತು. ಆ ಕಾಲದಲ್ಲಿ ಮೈಕು ಅಡಗಿಸಿಟ್ಟ ಜಾಗ ಬಿಟ್ಟು ನಟರು ದೂರ ಹೋಗುವಂತಿರಲಿಲ್ಲ. ಸದ್ದು ಮಾಡುವ ಕ್ಯಾಮೆರಾವನ್ನು ಪೆಟ್ಟಿಗೆಯಂಥ ಕೋಣೆಯೊಳಗೆ ಮುಚ್ಚಿಡಬೇಕಿತ್ತು. ಓಡಾಟದ ಕಥೆಗಳಿಗೆ ಇದು ದೊಡ್ಡ ತೊಡಕು. ಕೋರ್ಟಿನಲ್ಲಾದರೆ ಎಲ್ಲರೂ ತಂತಮ್ಮ ಜಾಗದಲ್ಲಿ ನಿಂತೇ ಮಾತಾಡುವವರು! ಹಾಗಾಗಿ ಮೊದಮೊದಲ ಟಾಕಿಗಳಿಗೆ ಕೋರ್ಟ್ ನಾಟಕಗಳು ಚೆನ್ನಾಗಿ ಒದಗಿದವು. ಅದೇ 1929ರಲ್ಲಿ ‘ದ ಟ್ರಯಲ್ ಆಫ್ ಮೇರಿ ಡ್ಯುಗನ್’ ಎಂಬ ಇನ್ನೊಂದು ಕೋರ್ಟ್ ನಾಟಕವೂ ಟಾಕಿಯಾಯಿತು. ನಮ್ಮಲ್ಲಿ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ.

1937ರಲ್ಲಿ ಗ್ಲ್ಯಾಡಿಸ್ ಜಾರ್ಜ್ ಆ ಪಾತ್ರ ಮಾಡಿದಳು. ಅಷ್ಟರಲ್ಲಿ ಹಾಲಿವುಡ್ಡಿಗೆ ಪರದೆಯ ಮೇಲೆ ಏನು ತೋರಿಸಬಹುದು, ಏನು ತೋರಿಸಬಾರದು ಎಂಬ ಕಟ್ಟುನಿಟ್ಟಿನ ನೀತಿಸಂಹಿತೆ ಬಂದಿತ್ತು.

ದೊಡ್ಡ ಬದಲಾವಣೆ ಆದದ್ದು 1966ರಲ್ಲಿ. ನಾಯಕಿ ಲಾನಾ ಟರ್ನರ್. ಕಥೆ ಫ್ರಾನ್ಸ್ ಬಿಟ್ಟು ಅಮೆರಿಕದ ಸಿರಿವಂತ ಮನೆಗೆ ಬಂತು. ಇಲ್ಲಿ ಸೊಸೆಯನ್ನು ಹೊರದಬ್ಬುವುದು ಗಂಡನಲ್ಲ, ಅತ್ತೆ. ನಾಯಕಿಯ ಗೆಳೆಯ ಆಕಸ್ಮಿಕವಾಗಿ ಸಾಯುತ್ತಾನೆ. ಅದನ್ನೇ ಹಿಡಿದು ಅತ್ತೆ ಹೆದರಿಸುತ್ತಾಳೆ, ಸತ್ತಂತೆ ನಟಿಸಿ ಊರು ಬಿಡುವಂತೆ ಮಾಡುತ್ತಾಳೆ. ತಪ್ಪಿನ ಭಾರ ಗಂಡನ ತಲೆಯಿಂದ ಇಳಿದುಹೋಗುತ್ತದೆ. ನನ್ನ ಮಟ್ಟಿಗೆ ಇದರಿಂದ ಕಥೆ ಸಡಿಲವಾಯಿತು. ಮೂಲದಲ್ಲಿ ಬಾಗಿಲು ಹಾಕಿದವನೇ ಕೋರ್ಟಿನಲ್ಲಿ ಕೂತು ಮಗನ ವಾದ ಕೇಳಬೇಕಾಗುತ್ತದೆ. ಗಂಡನಿಗೆ ಆ ಶಿಕ್ಷೆ ಇಲ್ಲಿ ಇಲ್ಲ. ಇನ್ನೊಂದು ಬದಲಾವಣೆ ಮಾತ್ರ ಗಟ್ಟಿಯಾದದ್ದು: ಆಕೆ ತನ್ನ ತಾಯಿ ಎಂದು ಮಗನಿಗೆ ಕೊನೆಗೂ ತಿಳಿಯುವುದಿಲ್ಲ.

ಈ ಚಿತ್ರ ನೋಡಿದ ಅಮೆರಿಕದವರಿಗೆ ಇನ್ನೊಂದು ವಿಚಾರಣೆಯೂ ನೆನಪಿದ್ದಿರಬೇಕು. 1958ರಲ್ಲಿ ಟರ್ನರ್ ಮನೆಯಲ್ಲೇ ಆಕೆಯ ಗೆಳೆಯ ಸತ್ತಿದ್ದ. ಚೂರಿ ಹಾಕಿದ್ದು ಆಕೆಯ ಮಗಳು. ತಾಯಿಯನ್ನು ಕಾಪಾಡಲು ಹಾಗೆ ಮಾಡಿದ್ದೆಂದು ತನಿಖೆಯಲ್ಲಿ ತೀರ್ಮಾನವಾಯಿತು. ಟರ್ನರ್ ಸಾಕ್ಷಿ ಹೇಳುವ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಬಂದಿದ್ದವು.

1981ರಲ್ಲಿ ಟ್ಯೂಸ್ಡೇ ವೆಲ್ಡ್ ನಟಿಸಿದ ಟೀವಿ ಚಿತ್ರದಲ್ಲಿ ವಕೀಲ ಮಗನ ಜಾಗಕ್ಕೆ ವಕೀಲೆ ಮಗಳು ಬಂದಳು.

ನಮ್ಮ ಕೋರ್ಟಿನಲ್ಲಿ ಯಾವುದು ಉಂಟು, ಯಾವುದು ಇಲ್ಲ

ಭಾರತದ ನ್ಯಾಯಾಧೀಶರು ಸುತ್ತಿಗೆ ಕುಟ್ಟುವುದಿಲ್ಲ. ಅದು ಅಮೆರಿಕದ ಸಿನಿಮಾಗಳಿಂದ ಬಂದ ಚಿತ್ರ. ಗೀತೆ ಮುಟ್ಟುವ ಪದ್ಧತಿಯೂ ಈಗಿಲ್ಲ. 1969ರ ಪ್ರಮಾಣ ವಚನ ಕಾಯ್ದೆಯ ಪ್ರಕಾರ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ದೇವರ ಹೆಸರು ಬೇಡವೆಂದರೆ ಸತ್ಯವನ್ನೇ ಹೇಳುತ್ತೇನೆ ಎಂದು ದೃಢವಾಗಿ ಹೇಳಿದರೂ ಸಾಕು.

ಬಡ ಆರೋಪಿಗೆ ವಕೀಲರನ್ನು ಕೊಡುವುದು ಮಾತ್ರ ನಾಟಕದ ಕಲ್ಪನೆಯಲ್ಲ. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವಿನ ಬಗ್ಗೆಯೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅದಕ್ಕೆ ವ್ಯವಸ್ಥೆ ಮಾಡಿತು. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು ಆದಾಯ ಎಷ್ಟೇ ಇದ್ದರೂ ಈ ನೆರವು ಕೇಳಬಹುದು. ಇದು ಗೊತ್ತಿಲ್ಲದವರು ಇನ್ನೂ ಬಹಳ ಮಂದಿ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಜಾಕ್ಲಿನ್ ಮೌನಕ್ಕೂ ನಮ್ಮಲ್ಲಿ ಆಧಾರವಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎಂದು ಸಂವಿಧಾನದ 20(3) ವಿಧಿ ಹೇಳುತ್ತದೆ.

ಇದನ್ನು ಕರಾವಳಿಯಲ್ಲಿ ಆಡಿಸುವುದಾದರೆ

ನಾಟಕ ಸ್ಪರ್ಧೆಗೆ ಹೊಸ ವಸ್ತು ಹುಡುಕುವ ತಂಡಗಳು ಉಡುಪಿ, ಮಂಗಳೂರಿನಲ್ಲಿ ಎಷ್ಟೋ ಇವೆ. ಈ ಕಥೆಯನ್ನು ಇಂದಿನ ಮಂಗಳೂರಿನ ಸೆಷನ್ಸ್ ಕೋರ್ಟಿಗೆ ತರಬೇಕೆಂದರೆ ಕೆಲವು ಕಡೆ ಕೈ ಹಾಕಲೇಬೇಕು.

ತಂದೆಯನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುವ ಆಸೆ ಯಾರಿಗಾದರೂ ಬಂದೀತು. ಅದು ಆಗುವುದಿಲ್ಲ. ಹತ್ತಿರದ ಸಂಬಂಧಿ ನ್ಯಾಯಾಧೀಶರಾಗಿರುವ ಕೋರ್ಟಿನಲ್ಲಿ ವಕೀಲರು ವಾದಿಸಬಾರದು ಎಂದು ಬಾರ್ ಕೌನ್ಸಿಲ್ ನಿಯಮವಿದೆ. ಆತ ಎಲ್ಲರಂತೆ ಹಿಂದಿನ ಬೆಂಚಿನಲ್ಲಿ ಕೂರಬೇಕು.

ಜ್ಯೂರಿ ಇಲ್ಲದ್ದರಿಂದ ಮಗನ ಭಾಷಣಕ್ಕೂ ಹಳೆಯ ಬಲ ಉಳಿಯುವುದಿಲ್ಲ. ಕೇಳುವವರು ಒಬ್ಬರೇ ನ್ಯಾಯಾಧೀಶರು. ಅವರು ಕಾರಣಗಳನ್ನು ಬರೆದು ತೀರ್ಪು ಕೊಡಬೇಕು. ಕಣ್ಣೀರನ್ನು ಕಾರಣವೆಂದು ಬರೆಯಲಾಗುವುದಿಲ್ಲ.

ಹಾಗಾದರೆ ನಾಟಕದ ಶಿಖರ ಎಲ್ಲಿ? ನಮ್ಮ ಕಾನೂನಿನಲ್ಲೇ ಅದಕ್ಕೊಂದು ಜಾಗವಿದೆ, ಅದನ್ನು ಬಳಸಿದವರು ಕಡಿಮೆ. ಸರ್ಕಾರದ ಕಡೆಯ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರೇ ಆರೋಪಿಯನ್ನು ನೇರವಾಗಿ ಪ್ರಶ್ನಿಸುತ್ತಾರೆ. ಸಾಕ್ಷಿಗಳು ಹೀಗೆ ಹೇಳಿದ್ದಾರೆ, ಇದಕ್ಕೆ ನಿಮ್ಮ ಉತ್ತರವೇನು ಎಂದು ಕೇಳುತ್ತಾರೆ. ಹಳೆಯ ಸಂಹಿತೆಯಲ್ಲಿ ಇದು 313ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಆರೋಪಿಗೆ ಇಲ್ಲಿ ಪ್ರಮಾಣ ವಚನ ಇಲ್ಲ. ಉತ್ತರ ಕೊಡದಿದ್ದರೆ ಅದಕ್ಕೆಂದು ಶಿಕ್ಷೆಯಿಲ್ಲ, ಸುಳ್ಳು ಹೇಳಿದರೂ ಇಲ್ಲ. ಈ ಹೊತ್ತಿನಲ್ಲಿ ಉತ್ತರ ಆರೋಪಿಯದ್ದೇ ಆಗಿರಬೇಕು, ವಕೀಲ ನಡುವೆ ನಿಂತು ಆಕೆಯ ಪರವಾಗಿ ವಾದಿಸುವಂತಿಲ್ಲ. ಹೆಸರೇನು ಎಂಬ ಮೊದಲ ಪ್ರಶ್ನೆಯಿಂದಲೇ ತಾಯಿ ಒಬ್ಬಳೇ ನಿಲ್ಲಬೇಕು, ನಾಲ್ಕು ಹೆಜ್ಜೆ ದೂರದಲ್ಲಿ ಮಗ ಕಡತ ಹಿಡಿದು ಆಕೆಯ ಉತ್ತರಕ್ಕೆ ಕಾಯಬೇಕು. ಬರೆಯುವವರು ದೃಶ್ಯ ಕಟ್ಟಬೇಕಾದದ್ದು ಅಲ್ಲಿ.